ಕ್ಯಾನ್ ಅಲುಗದ ಹಾಗೆ

ನಾನು ಬೈಕ್ ಓಡಿಸುವುದನ್ನು ಎರಡು ಸಲ ಕಲಿತವನು. ಮೊದಲ ಸಲ ಸೋದರಮಾವನ ಮಗ ಕಲಿಸಿದ. ಕೆರೆ ಏರಿ ಮೇಲೆ, ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಎರಡನೇ ಸಲ ಕಲಿಸಿದ್ದು ಒಂದು ಅಲ್ಯೂಮಿನಿಯಂ ಕ್ಯಾನು. ಅದಕ್ಕೆ ವರ್ಷಗಳೇ ಹಿಡಿದವು, ಒಂದು ಕಾಲರ್ ಬೋನೂ ಮುರಿಯಿತು.

ಹಸು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ. ಊರವರು ಡಾಕ್ಟ್ರೇ ಅಂತ ಕರೆಯುತ್ತಾರೆ. ನಾನು ಡಾಕ್ಟರಲ್ಲ, ತರಬೇತಿ ಪಡೆದವನು ಅಷ್ಟೆ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ದಿನಕ್ಕೆ 60–70 ಕಿಲೋಮೀಟರ್ ಸುತ್ತುತ್ತೇನೆ. 2006ರಲ್ಲಿ ಶುರು ಮಾಡಿದಾಗ ಸ್ಪ್ಲೆಂಡರ್ ಇತ್ತು, ಈಗ 125 ಸಿಸಿ ಗಾಡಿ. ಗಾಡಿ ಬದಲಾಯಿತು, ಪಕ್ಕದಲ್ಲಿ ನೇತಾಡುವ 3 ಲೀಟರ್ ಕ್ಯಾನ್ ಮಾತ್ರ ಹಾಗೇ ಇದೆ. ಅದರೊಳಗೆ ದ್ರವ ನೈಟ್ರೋಜನ್, ಮೈನಸ್ 196 ಡಿಗ್ರಿ. ವೀರ್ಯ ತುಂಬಿದ ಸಣ್ಣ ಕೊಳವೆಗಳು, ಅಂದರೆ ಸ್ಟ್ರಾಗಳು, ಅದರಲ್ಲಿ ಮುಳುಗಿರುತ್ತವೆ. ಮುಚ್ಚಳವನ್ನು ಬಿಗಿಯಾಗಿ ಹಾಕುವಂತಿಲ್ಲ. ಆವಿ ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ಕ್ಯಾನೇ ಸಿಡಿಯುತ್ತದೆ. ಹಾಗಾಗಿ ಗಾಡಿ ಎಗರಿದರೆ ಚೆಲ್ಲುತ್ತದೆ, ವಾಲಿದರೆ ಚೆಲ್ಲುತ್ತದೆ. ನೈಟ್ರೋಜನ್ ಕಡಿಮೆಯಾಗಿ ಸ್ಟ್ರಾ ಹೊರಗೆ ಬಂತೋ, ಅದರಲ್ಲಿ ಜೀವ ಉಳಿಯುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಮೊದಲ ಮೂರು ವರ್ಷ ಹುಚ್ಚನ ಹಾಗೆ ಓಡಿಸಿದೆ. ಫೋನ್ ಬಂದರೆ ಸಾಕು, "ಡಾಕ್ಟ್ರೇ, ಹಸ ಬೆದೆಗೆ ಬಂದದೆ, ಬೇಗ ಬನ್ನಿ" ಅಂತ. ಆ 'ಬೇಗ' ಅನ್ನುವ ಮಾತು ನನ್ನ ಬಲಗೈಗೆ ನೇರವಾಗಿ ಹೋಗಿ ಆಕ್ಸಿಲರೇಟರ್ ತಿರುಗಿಸುತ್ತಿತ್ತು.

2009ರ ಡಿಸೆಂಬರ್. ನಮ್ಮ ಕಡೆ ಆಗ ಹುರುಳಿ ಒಕ್ಕಣೆ. ಕಣ ಮಾಡುವವರು ಕಡಿಮೆಯಾಗಿ ಟಾರು ರಸ್ತೆಯೇ ಕಣವಾಗಿತ್ತು. ಹುರುಳಿ ಗಿಡವನ್ನು ರಸ್ತೆ ತುಂಬ ಹಾಸುತ್ತಾರೆ, ಬಸ್ಸು ಲಾರಿ ಮೇಲೆ ಹೋಗಿ ಕಾಳು ಉದುರುತ್ತದೆ. ನೋಡಲು ಮೆತ್ತನೆ ಹಾಸಿಗೆ. ಕೆಳಗೆ ಉದುರಿದ ಕಾಳು ಮಾತ್ರ ಸಣ್ಣ ಗೋಲಿಗಳ ಹಾಗೆ ಉರುಳುತ್ತಿರುತ್ತದೆ. ಸಂಜೆ ಆರೂಕಾಲು ಇರಬೇಕು. ತಿರುವು ದಾಟಿದ ಕೂಡಲೇ ಹಾಸು ಕಂಡಿತು. 60ರ ಮೇಲಿದ್ದೆ. ಗಾಬರಿಯಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಮುಂದಿನ ಚಕ್ರ ಹೋಗಿದ್ದೇ ತಿಳಿಯಲಿಲ್ಲ.

ಹೆಲ್ಮೆಟ್ ಇತ್ತು. ಎಲ್ಲಿತ್ತು ಅಂದರೆ ಕ್ಯಾನಿನ ಮೇಲೆ! ಮುಚ್ಚಳ ಹಾರದಿರಲಿ ಅಂತ ಅದಕ್ಕೆ ತೊಡಿಸಿ, ನಾನು ತಲೆಗೆ ಟವೆಲ್ ಸುತ್ತಿದ್ದೆ. ಬಿದ್ದ ಮೇಲೆ ಹೆಲ್ಮೆಟ್ ಚರಂಡಿಗೆ ಉರುಳಿತು, ಕ್ಯಾನ್ ಮಗುಚಿತು, ಬಿಳೀ ಹೊಗೆ ಬುಸ್ ಅಂತ ಎದ್ದಿತು. ಓಡಿ ಬರುತ್ತಿದ್ದವರು ಅದನ್ನು ನೋಡಿ ಅಷ್ಟೇ ಜೋರಾಗಿ ವಾಪಸ್ ಓಡಿದರು. "ಗ್ಯಾಸು, ಗ್ಯಾಸು" ಅಂತ ಯಾರೋ ಕೂಗಿದರು. ಹೊಗೆ ಇಳಿಯುವವರೆಗೆ ನಾನು ಹುರುಳಿ ಮೇಲೆ ಒಬ್ಬನೇ ಮಲಗಿದ್ದೆ. ಆಮೇಲೆ ಇಬ್ಬರು ಹುಡುಗರು ಹಾಲಿನ ಟೆಂಪೊದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾಲರ್ ಬೋನ್ ಮುರಿದಿತ್ತು. ತಲೆ ಬಡಿದದ್ದು ಹುರುಳಿ ಮೇಲೆ, ಟಾರಿನ ಮೇಲಲ್ಲ. ಇವತ್ತು ಇದನ್ನು ಬರೆಯಲು ಅದೊಂದೇ ಕಾರಣ.

ಆರು ವಾರ ಮನೆಯಲ್ಲಿ ಕೂತಿದ್ದಾಗ ಒಂದು ಮಾತು ಕೊರೆಯುತ್ತಿತ್ತು. ಆ ದಿನ ಬೇಗ ಹೋಗಬೇಕಾದ ಅಗತ್ಯವೇ ಇರಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಸರಳ ಲೆಕ್ಕ ಇದೆ. ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಸಂಜೆ ಮಾಡಬೇಕು, ಸಂಜೆ ಕಂಡದ್ದಕ್ಕೆ ಮಾರನೇ ದಿನ ಬೆಳಿಗ್ಗೆ. ತೀರಾ ಬೇಗ ಹೋದರೆ ಗರ್ಭ ನಿಲ್ಲುವ ಸಾಧ್ಯತೆಯೇ ಕಡಿಮೆ. ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಟ್ಟ ಪಾಠ. ಅದನ್ನು ಹಸುವಿಗೆ ಲೆಕ್ಕ ಹಾಕಿದ್ದೆ, ಬೈಕಿಗೆ ಹಾಕಿರಲಿಲ್ಲ.

ಇನ್ನೊಂದು ಲೆಕ್ಕವನ್ನೂ ಆಗಲೇ ಹಾಕಿದೆ. ನನ್ನ ದೂರದ ಹಳ್ಳಿ 18 ಕಿಲೋಮೀಟರ್. 60ರಲ್ಲಿ ಹೋದರೆ 18 ನಿಮಿಷ, 40ರಲ್ಲಿ ಹೋದರೆ 27. ಉಳಿಯುವುದು 9 ನಿಮಿಷ. ಆ 9 ನಿಮಿಷವನ್ನು ಅಲ್ಲಿ ಹೋಗಿ ಕಾಫಿ ಕಾಯುತ್ತಾ ಜಗುಲಿ ಮೇಲೆ ಕಳೆಯುತ್ತಿದ್ದೆ. ಇತ್ತ 60ರಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ, 40ರಲ್ಲಿ 11 ಮೀಟರ್. ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವ ಹೊತ್ತಿಗೇ ಅಷ್ಟು ದೂರ ಮುಗಿದಿರುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಇನ್ನೂ ಮೋಸದ್ದು. ವೇಗ ಒಂದೂವರೆ ಪಟ್ಟಾದರೆ ಅದು ಎರಡೂಕಾಲು ಪಟ್ಟಾಗುತ್ತದೆ. ಹಳ್ಳಿ ರಸ್ತೆಯಲ್ಲಿ ನನಗೆ 40 ಸಾಕು. ಹಿಂದಿನಿಂದ ಹಾರ್ನ್ ಹೊಡೆಯುವ ಹುಡುಗರಿಗೆ ಎಡಕ್ಕೆ ಸರಿದು ದಾರಿ ಬಿಡುತ್ತೇನೆ.

ವಾಪಸ್ ಬಂದ ಮೇಲೆ ಮೊದಲು ಮಾಡಿಸಿದ್ದು ಕ್ಯಾನಿಗೆ ಒಂದು ಸ್ಟ್ಯಾಂಡ್. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಬಳೆ ಮಾಡಿಸಿ, ಒಳಗೆ ಹಳೇ ಟ್ಯೂಬ್ ರಬ್ಬರ್ ಸುತ್ತಿಸಿದೆ. ಕ್ಯಾನಿಗೆ ಕ್ಯಾನಿನ ವ್ಯವಸ್ಥೆ, ತಲೆಗೆ ಹೆಲ್ಮೆಟ್. ಆಮೇಲೆ ಒಂದು ಪಣ ತೊಟ್ಟೆ: ಕ್ಯಾನ್ ಅಲುಗದ ಹಾಗೆ ಓಡಿಸಬೇಕು. ಹೇಳುವುದು ಸುಲಭ. ಅಲುಗಬಾರದು ಅಂದರೆ ಹಂಪ್ ಬರುವ ಮೊದಲೇ ಕಾಣಬೇಕು. ಕಾಣಬೇಕಾದರೆ ಕಣ್ಣು ಚಕ್ರದ ಮುಂದೆ ಇರಬಾರದು, ದೂರದಲ್ಲಿರಬೇಕು. ತಿರುವಿನ ಒಳಗೆ ಬ್ರೇಕ್ ಹಿಡಿಯುವಂತಿಲ್ಲ, ನೇರ ಇರುವಾಗಲೇ ವೇಗ ಇಳಿಸಿಕೊಂಡು ತಿರುವಿಗೆ ಹೋಗಬೇಕು. ನಮ್ಮಲ್ಲಿ ಎಷ್ಟೋ ಜನ ಬ್ರೇಕ್ ಜೊತೆಗೇ ಕ್ಲಚ್ ಹಿಡಿದುಬಿಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಇಳಿಜಾರಲ್ಲಿ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವ ಚಟವೂ ಇತ್ತು. ಎರಡೂ ಕಡೆ ಇಂಜಿನ್ನಿನ ತಡೆ ಕೈತಪ್ಪಿ ಹೋಗುತ್ತದೆ. ಗಿಯರಿನಲ್ಲೇ ಬಿಟ್ಟು ಆಕ್ಸಿಲರೇಟರ್ ಇಳಿಸಿದರೆ ಗಾಡಿ ತಾನೇ ನಿಧಾನವಾಗುತ್ತದೆ, ಕ್ಯಾನ್ ಸದ್ದೇ ಮಾಡುವುದಿಲ್ಲ.

ಮುಂದಿನ ಬ್ರೇಕ್ ಬಗ್ಗೆ ಒಂದು ಮಾತು. ನಾನು ಬಿದ್ದದ್ದು ಮುಂದಿನ ಬ್ರೇಕಿನಿಂದ ಅಂತ ಊರವರೆಲ್ಲ ತೀರ್ಪು ಕೊಟ್ಟರು. "ಮುಂದಿನ ಬ್ರೇಕ್ ಮುಟ್ಲೇಬಾರ್ದು" ಅನ್ನುವುದು ನಮ್ಮ ಕಡೆ ಹುಡುಗರಿಗೆ ಹೇಳಿಕೊಡುವ ಮೊದಲ ಪಾಠ. ಅದು ತಪ್ಪು. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದು ಅಲ್ಲೇ. ಹಿಂದಿನದನ್ನೇ ನಂಬಿದರೆ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಎರಡನ್ನೂ ಹಿಡಿಯಬೇಕು. ಮುಂದಿನದನ್ನು ಹಾಲು ಕರೆಯುವಾಗ ಕೆಚ್ಚಲು ಹಿಡಿದ ಹಾಗೆ ಹದವಾಗಿ ಒತ್ತುತ್ತಾ ಹೋಗಬೇಕು, ಒಮ್ಮೆಲೇ ಹಿಂಡಬಾರದು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆಲ್ಲ ಸಿಬಿಎಸ್, ಇಲ್ಲವೇ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಸಿಬಿಎಸ್ ಇದ್ದರೆ ಒಂದು ಬ್ರೇಕ್ ಒತ್ತಿದಾಗ ಇನ್ನೊಂದೂ ಸ್ವಲ್ಪ ಹಿಡಿಯುತ್ತದೆ. ಒಳ್ಳೆಯದೇ. ಆದರೆ ಹುರುಳಿ, ಮರಳು, ಮೊದಲ ಮಳೆಯ ಜಿಡ್ಡು ಇವುಗಳ ಮೇಲೆ ಯಾವ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿಗೆ ತಲುಪುವ ಮೊದಲೇ ವೇಗ ಇಳಿದಿರಬೇಕು. ಹಾಸಿನ ಮೇಲೆ ಹ್ಯಾಂಡಲ್ ನೇರ, ಬ್ರೇಕಿನಿಂದ ಬೆರಳು ದೂರ, ಎರಡನೇ ಗಿಯರ್. ತೀರಾ ದಪ್ಪ ಇದ್ದರೆ ಇಳಿದು ತಳ್ಳುತ್ತೇನೆ. ನಾಚಿಕೆ ಏನಿಲ್ಲ.

ಅಕ್ಕನ ಮಗನಿಗೆ ಎಲ್‌ಎಲ್‌ಆರ್ ಬಂದಾಗ ಅವನಿಗೂ ಹೀಗೇ ಕಲಿಸಿದೆ. ಹಿಂದೆ ಕೂತು ಅರ್ಧ ತುಂಬಿದ ಹಾಲಿನ ಕ್ಯಾನನ್ನು ಮುಚ್ಚಳ ಹಾಕದೆ ತೊಡೆ ಮೇಲೆ ಇಟ್ಟುಕೊಂಡೆ. ಹಾಲಲ್ಲ, ನೀರು. ಮೊದಲ ದಿನ ನನ್ನ ಪ್ಯಾಂಟು ಪೂರ್ತಿ ಒದ್ದೆ. ಎಂಟನೇ ದಿನ ಮೊಣಕಾಲು ಮಾತ್ರ.

ನಮ್ಮ ರಸ್ತೆಗಳಲ್ಲಿ ಲಾರಿಗಿಂತ ದನಗಳದ್ದೇ ಜಾಸ್ತಿ ಕಾರುಬಾರು. ಇಲ್ಲಿ ನನ್ನ ಕೆಲಸ ಉಪಯೋಗಕ್ಕೆ ಬಂತು. ಹಸು ಸಾಮಾನ್ಯವಾಗಿ ಹಿಂದಕ್ಕೆ ಹೆಜ್ಜೆ ಇಡುವುದಿಲ್ಲ, ಹೆದರಿದರೆ ಮುಂದಕ್ಕೇ ನುಗ್ಗುತ್ತದೆ. ಹಾಗಾಗಿ ರಸ್ತೆ ದಾಟುತ್ತಿರುವ ಹಸುವಿನ ಬಾಲದ ಕಡೆಯಿಂದ ಹೋಗಬೇಕು, ಮುಖದ ಕಡೆಯಿಂದಲ್ಲ. ಹಸು ದಾಟಿತು ಅಂತ ಆಕ್ಸಿಲರೇಟರ್ ತಿರುಗಿಸಬೇಡಿ, ಹಿಂದೆ ಕರು ಇರಬಹುದು. ತಾಯಿ ಹೋದ ಕಡೆ ಅದು ಕಣ್ಣು ಮುಚ್ಚಿ ಓಡುತ್ತದೆ. ಕುರಿ ಮಂದೆಯಾದರೆ ಇಂಜಿನ್ ಆಫ್ ಮಾಡಿ ನಿಲ್ಲುವುದೇ ಸರಿ. ನಾಯಿ ಅಟ್ಟಿಸಿಕೊಂಡು ಬಂದರೆ ಕಾಲು ಎತ್ತಿ ಒದೆಯುವುದು, ಜೋರಾಗಿ ಓಡಿಸುವುದು ಎರಡೂ ಕೆಡುಕು. ನಿಧಾನ ಮಾಡಿದರೆ ಅದಕ್ಕೇ ಆಸಕ್ತಿ ಹೋಗುತ್ತದೆ.

ಎಲ್ಲಕ್ಕಿಂತ ಅಪಾಯ ಹಗ್ಗ. ಸಂಜೆ ಮೇಯಿಸಿಕೊಂಡು ಬರುವಾಗ ಮನುಷ್ಯ ರಸ್ತೆಯ ಈ ಕಡೆ, ಹಸು ಆ ಕಡೆ ಪೈರಿನ ಬದುವಿನಲ್ಲಿ. ನಡುವೆ ಹಗ್ಗ. ನಸುಗತ್ತಲಲ್ಲಿ ಅದು ಕಾಣುವುದೇ ಇಲ್ಲ. ಮನುಷ್ಯ ಒಬ್ಬನೇ ನಿಂತಿದ್ದು ಕೈ ಸ್ವಲ್ಪ ಮುಂದೆ ಚಾಚಿದ್ದರೆ, ಹಗ್ಗದ ಇನ್ನೊಂದು ತುದಿಯಲ್ಲಿ ಏನಿದೆ ಅಂತ ನೋಡದೆ ನಾನು ಮುಂದೆ ಹೋಗುವುದಿಲ್ಲ. ಡೇರಿಗೆ ಹಾಲು ಹಾಕುವ ಹೊತ್ತೂ ಹಾಗೇ. ಕೈಯಲ್ಲಿ ತುಂಬಿದ ಕ್ಯಾನ್ ಇದ್ದವರ ಕಣ್ಣು ಕ್ಯಾನಿನ ಮೇಲಿರುತ್ತದೆ, ರಸ್ತೆ ಮೇಲಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ರಾತ್ರಿ ಓಡಾಟ ಆದಷ್ಟು ಕಡಿಮೆ ಮಾಡಿದ್ದೇನೆ. ಕಬ್ಬು ಕಡಿಯುವ ಕಾಲದಲ್ಲಿ ಪಾಂಡವಪುರ ಕಡೆ ಹೋದರೆ ಟ್ರ್ಯಾಕ್ಟರುಗಳ ಸಾಲು. ಹಿಂದೆ ರಿಫ್ಲೆಕ್ಟರ್ ಇರುವುದಿಲ್ಲ, ಇದ್ದರೂ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ. ಎದುರಿಗೆ ಒಂದೇ ಲೈಟ್ ಬಂದರೆ ಬೈಕ್ ಅಂದುಕೊಳ್ಳಬೇಡಿ. ಒಂದು ಲೈಟ್ ಕೆಟ್ಟ ಟ್ರ್ಯಾಕ್ಟರ್ ಇರಬಹುದು, ಉರಿಯುತ್ತಿರುವುದು ಯಾವ ಕಡೆಯದು ಅಂತ ಹತ್ತಿರ ಬರುವವರೆಗೆ ತಿಳಿಯುವುದಿಲ್ಲ. ಒಂಟಿ ಲೈಟ್ ಕಂಡರೆ ವೇಗ ಇಳಿಸಿ ಎಡಕ್ಕೆ ಸರಿಯುತ್ತೇನೆ. ನಾಲೆ ಏರಿಯ ರಸ್ತೆಯನ್ನಂತೂ ಕತ್ತಲಾದ ಮೇಲೆ ಮುಟ್ಟುವುದಿಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ಅದು ಹಾಡಹಗಲು. ಯುಗಾದಿಯ ಮಾರನೇ ದಿನ, ಹೊಸತೊಡಕಿನಂದು, ಮಧ್ಯಾಹ್ನದ ಮೇಲೆ ನನ್ನ ಗಾಡಿ ಹೊರಗೆ ಬರುವುದಿಲ್ಲ. ನಾನು ಕುಡಿಯುವುದಿಲ್ಲ, ಆದರೆ ಎದುರಿಗೆ ಬರುವವರ ಗ್ಯಾರಂಟಿ ಕೊಡುವವರು ಯಾರು?

ಹೆಲ್ಮೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐಎಸ್‌ಐ ಗುರುತು ಇರಬೇಕು. 2021ರ ಜೂನ್‌ನಿಂದ ಆ ಗುರುತಿಲ್ಲದ್ದನ್ನು ಮಾರುವಂತೆಯೇ ಇಲ್ಲ, ಆದರೂ ರಸ್ತೆ ಬದಿ ಸಿಗುತ್ತದೆ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಕೆನ್ನೆ ಚರ್ಮವೂ ಜೊತೆಗೆ ಎಳೆಯಬೇಕು, ಆಗ ಸೈಜ್ ಸರಿ. ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ಒಮ್ಮೆ ಕುಗ್ಗಿದರೆ ಮುಗಿಯಿತು. ಅದನ್ನು ಬಿಸಾಕಿ, ತಮ್ಮನಿಗೆ ಕೊಡಬೇಡಿ. ಗ್ಲಾಸ್ ಬಿಳಿಯದೇ ಇರಲಿ. ಭತ್ತದ ಗದ್ದೆ ಪಕ್ಕ ಸಂಜೆ ಹುಳ ಕಣ್ಣಿಗೆ ಬಡಿದವರಿಗೆ ಗ್ಲಾಸಿನ ಬೆಲೆ ಗೊತ್ತು. ಒಂದೇ ತೊಂದರೆ, ಹೆಲ್ಮೆಟ್ ತೆಗೆಯುವವರೆಗೆ ಹಸುವಿನ ಯಜಮಾನರಿಗೆ ಗುರುತು ಸಿಗುವುದಿಲ್ಲ. ಒಂದು ಮನೆಯಲ್ಲಿ ಅಜ್ಜಿ "ಫೈನಾನ್ಸ್‌ನೋರು ಬಂದವ್ರೆ" ಅಂತ ಮಗನನ್ನು ಹಿತ್ತಲಿಗೆ ಓಡಿಸಿದ್ದರು.

ಟಯರು, ಚೈನು ಭಾನುವಾರದ ಕೆಲಸ. ಗಾಳಿ ಟಯರ್ ತಣ್ಣಗಿರುವಾಗ ನೋಡಬೇಕು. ಎಷ್ಟು ಅನ್ನುವುದು ಚೈನ್ ಕವರ್ ಹತ್ತಿರದ ಸ್ಟಿಕ್ಕರಿನಲ್ಲಿ ಇರುತ್ತದೆ, ಪಂಕ್ಚರ್ ಅಂಗಡಿಯವನ ಬಾಯಲ್ಲಲ್ಲ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಹೊಸದು ಅಂತ ಹಳೇ ಸ್ಟಾಕ್ ಕೊಟ್ಟಿದ್ದನ್ನು ಒಮ್ಮೆ ಹೀಗೇ ಹಿಡಿದೆ.

ನಿಜಕ್ಕೂ ಕಷ್ಟವಾಗಿದ್ದು ಫೋನ್. ನನ್ನ ಹೊಟ್ಟೆಪಾಡೇ ಫೋನಿನಲ್ಲಿದೆ. ಮೊದಲು ಹೆಲ್ಮೆಟ್ ಒಳಗೆ ಸಿಕ್ಕಿಸಿ ಮಾತಾಡುತ್ತಿದ್ದೆ. ಒಂದು ದಿನ ಮಾತು ಮುಗಿಸಿದಾಗ ಎರಡು ಹಳ್ಳಿ ದಾಟಿದ್ದೆ, ದಾರಿಯಲ್ಲಿ ಏನು ಕಂಡೆ ಅಂತ ಒಂದೂ ನೆನಪಿರಲಿಲ್ಲ. ಅವತ್ತಿನಿಂದ ಫೋನ್ ಬ್ಯಾಗಿನೊಳಗೆ. ಅರ್ಧ ಗಂಟೆಗೊಮ್ಮೆ ಮರದ ನೆರಳಲ್ಲಿ ನಿಲ್ಲಿಸಿ ಎಲ್ಲರಿಗೂ ವಾಪಸ್ ಮಾಡುತ್ತೇನೆ. ಶುರುವಿನಲ್ಲಿ ನಷ್ಟವಾಯಿತು. "ಆ ಡಾಕ್ಟ್ರು ಫೋನೇ ಎತ್ತಲ್ಲ" ಅಂತ ಬೇರೆಯವರನ್ನು ಕರೆಸಿಕೊಂಡ ಮನೆಗಳಿವೆ. ಕೆಲವರು ವಾಪಸ್ ಬಂದರು, ಕೆಲವರು ಬರಲಿಲ್ಲ.

ಮೊನ್ನೆ ಬೆಳಿಗ್ಗೆ ಹುಣಸೆ ಮರದ ಕೆಳಗೆ ನಿಲ್ಲಿಸಿ ನೋಡಿದರೆ ಒಂದೇ ನಂಬರಿನಿಂದ ಐದು ಮಿಸ್ಡ್ ಕಾಲ್. ವಾಪಸ್ ಮಾಡಿದೆ.

"ಡಾಕ್ಟ್ರೇ, ಆರ್ ಗಂಟೆಯಿಂದ ಒಂದೇ ಸಮ ಕೂಗ್ತಾ ಅದೆ. ಈಗ್ಲೇ ಬನ್ನಿ."

"ಲೋಳೆ ತಿಳಿಯಾಗಿದೆಯಾ ಅಕ್ಕಾ?"

"ಹೂಂ, ಗಾಜಿನಂಗದೆ."

"ಹಾಗಾದ್ರೆ ಸಂಜೆ ಐದಕ್ಕೆ ಬರ್ತೀನಿ."

"ಅಷ್ಟೊತ್ತಾಯ್ತದಾ?"

"ಅಷ್ಟೊತ್ತಿಗೇ ಸರಿ. ಅದಿರಲಿ, ನಿಮ್ಮೂರ ರೋಡಲ್ಲಿ ಹುರುಳಿ ಹಾಕಿದ್ದಾರಾ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ನಾವೇ ಹಾಕಿದೀವಿ ಡಾಕ್ಟ್ರೇ. ನೀವು ಸ್ಕೂಲ್ ಹಿಂದ್ಗಡೆ ದಾರೀಲಿ ಬನ್ನಿ."