‘ಪೆಸ್ಟರ್’ ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು?

‘ತಲೆನೋವು ಕಾಡುತ್ತಿದೆ’ ಎನ್ನುವುದನ್ನು ಕೆಲವರು ‘ಎ ಹೆಡೇಕ್ ಈಸ್ ಪೆಸ್ಟರಿಂಗ್ ಮಿ’ ಎಂದು ಬರೆಯುತ್ತಾರೆ. ಪೆಸ್ಟರ್ ಎಂದರೆ ಕಾಡು, ಪೀಡಿಸು ಎಂದು ಕಲಿತವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಇಂಗ್ಲಿಷ್‌ನಲ್ಲಿ ಈ ವಾಕ್ಯ ಸರಿಯಾಗಿ ಕೂರುವುದಿಲ್ಲ. ನಮ್ಮ ‘ಕಾಡು’ ಬಹಳ ಅಗಲವಾದ ಪದ. ನೋವು ಕಾಡುತ್ತದೆ, ನೆನಪು ಕಾಡುತ್ತದೆ, ಆಟಿಕೆ ಬೇಕೆಂದು ಮಗು ಕಾಡುತ್ತದೆ. ಇವುಗಳಲ್ಲಿ ಪೆಸ್ಟರ್‌ಗೆ ಒಗ್ಗುವುದು ಮಗು ಮಾತ್ರ.

ಹಾಗಾಗಿ ಮೊದಲ ಹೆಜ್ಜೆ ಇದು. ವಾಕ್ಯ ಬರೆಯುವ ಮುನ್ನ ‘ದುಂಬಾಲು ಬೀಳು’ ಎಂದು ಹಾಕಿ ನೋಡಿ. ಸರಿ ಹೊಂದಿದರೆ ಸಾಮಾನ್ಯವಾಗಿ ಪೆಸ್ಟರ್ ಕೂಡ ಹೊಂದುತ್ತದೆ. ಒಂದೇ ಸಲ ಕೇಳಿದರೆ ಅದು ಪೆಸ್ಟರ್ ಅಲ್ಲ. ಬೇಡ ಅಂದಮೇಲೂ ಮತ್ತೆ ಮತ್ತೆ ಬರಬೇಕು. ಓಡಿಸಿದರೂ ಬಂದು ಕೂರುವ ನೊಣಕ್ಕೂ ಈ ಪದ ಸಲ್ಲುವುದು ಅದಕ್ಕೇ. ಪೆಸ್ಟರ್‌ಗೆ ‘ಸತಾಯಿಸು’ ಎಂಬ ಅರ್ಥ ಎಲ್ಲಾದರೂ ನೋಡಿದರೆ ಸ್ವಲ್ಪ ಹುಷಾರು. ಸಾಲ ತೀರಿಸದೆ ಸತಾಯಿಸುವವನು ಒಬ್ಬ, ಆ ಹಣಕ್ಕಾಗಿ ದಿನಾ ಫೋನ್ ಮಾಡುವವನು ಇನ್ನೊಬ್ಬ. ಪೆಸ್ಟರ್ ಮಾಡುವವನು ಎರಡನೆಯವನು!

ಪದದ ಹುಟ್ಟು ನನಗೆ ತುಂಬಾ ಇಷ್ಟ. ಕುದುರೆಯ ಕಾಲಿಗೆ ಹಗ್ಗ ತೊಡರಿಸುವುದಕ್ಕೆ ಹಳೆಯ ಫ್ರೆಂಚ್‌ನಲ್ಲಿದ್ದ ಪದ 16ನೇ ಶತಮಾನದಲ್ಲಿ ಇಂಗ್ಲಿಷ್‌ಗೆ ಬಂತು. ಮೊದಲಿಗೆ ಅಡ್ಡಿ ಮಾಡು ಎಂಬ ಅರ್ಥವಿತ್ತು. ಪಿಡುಗು ಎಂಬ ಅರ್ಥದ ‘ಪೆಸ್ಟ್’ ಜೊತೆ ದನಿ ಹೊಂದಿದ್ದರಿಂದ ಕಾಟದ ಅರ್ಥ ಗಟ್ಟಿಯಾಯಿತು. ಕಾಲಿಗೆ ತೊಡರುವ ಹಗ್ಗವನ್ನು ನೆನಪಿಟ್ಟುಕೊಳ್ಳಿ, ಅರ್ಥ ಮರೆಯುವುದಿಲ್ಲ.

ಇನ್ನು ವಾಕ್ಯ ಕಟ್ಟುವುದು. ಹೆಚ್ಚು ತಪ್ಪುವುದು ಇಲ್ಲೇ. ನಾವು ‘ನನಗೆ ಕಾಟ ಕೊಡಬೇಡ’ ಎನ್ನುತ್ತೇವೆ. ಆ ‘ಗೆ’ ಇಂಗ್ಲಿಷ್‌ನಲ್ಲಿ ‘ಟು’ ಆಗಿ ನುಸುಳುತ್ತದೆ. ‘ಪೆಸ್ಟರ್ ಟು ಮಿ’ ತಪ್ಪು, ‘ಪೆಸ್ಟರ್ ಮಿ’ ಸರಿ. ಯಾರನ್ನು ಎಂಬುದು ಕ್ರಿಯಾಪದಕ್ಕೆ ನೇರವಾಗಿ ಅಂಟಿಕೊಳ್ಳಬೇಕು. ಯಾತಕ್ಕೆ ಎಂಬುದು ಆಮೇಲೆ. ವಸ್ತು ಬೇಕಿದ್ದರೆ ‘ಫಾರ್’: ‘ಹಿ ಪೆಸ್ಟರ್ಡ್ ಮಿ ಫಾರ್ ಎ ಫೋನ್’. ಕೆಲಸ ಆಗಬೇಕಿದ್ದರೆ ‘ಟು’: ‘ಶಿ ಪೆಸ್ಟರ್ಡ್ ಮಿ ಟು ಸಿಂಗ್’. ಪ್ರಶ್ನೆಗಳ ಸುರಿಮಳೆಯಾದರೆ ‘ವಿತ್ ಕ್ವೆಶ್ಚನ್ಸ್’. ಕಾಡಿ ಕಾಡಿ ಕೊನೆಗೂ ಒಪ್ಪಿಸಿಬಿಟ್ಟರೆ ‘ಇಂಟು’: ‘ದೇ ಪೆಸ್ಟರ್ಡ್ ಹಿಮ್ ಇಂಟು ಗೋಯಿಂಗ್’. ಈ ‘ಇಂಟು’ ಒಂದನ್ನು ರೂಢಿ ಮಾಡಿಕೊಂಡರೆ ನಿಮ್ಮ ಇಂಗ್ಲಿಷ್‌ಗೆ ಬೇರೆಯೇ ಕಳೆ ಬರುತ್ತದೆ.

ಜಾಹೀರಾತು ನೋಡಿದ ಮಕ್ಕಳು ಹಟ ಮಾಡಿ ಹೆತ್ತವರಿಂದ ವಸ್ತು ಕೊಡಿಸಿಕೊಳ್ಳುತ್ತಾರಲ್ವಾ? ಅದಕ್ಕೆ ‘ಪೆಸ್ಟರ್ ಪವರ್’ ಎಂಬ ಹೆಸರೇ ಇದೆ.

ಹತ್ತಿರದ ಪದಗಳೂ ಇವೆ. ಮಾಡದೆ ಬಿಟ್ಟ ಕೆಲಸದ ಬಗ್ಗೆ ಮನೆಯವರು ಗೊಣಗುತ್ತಲೇ ಇದ್ದರೆ ‘ನ್ಯಾಗ್’. ಉತ್ತರ ಬರುವವರೆಗೂ ಬಿಡದೆ ಒತ್ತಡ ಹಾಕಿದರೆ ‘ಬ್ಯಾಜರ್’. ಬರೀ ಕಿರಿಕಿರಿಯಾದರೆ ‘ಅನಾಯ್’ ಸಾಕು, ಅದನ್ನು ಸದ್ದು ಗದ್ದಲವೂ ಮಾಡಬಲ್ಲದು.

ಒಂದು ಕಡೆ ಮಾತ್ರ ಪೆಸ್ಟರ್ ಬಳಸುವ ಮುನ್ನ ದಯವಿಟ್ಟು ಯೋಚಿಸಿ. ಯಾರೋ ಹಿಂಬಾಲಿಸುತ್ತಿದ್ದಾರೆ, ಬೆದರಿಸುತ್ತಿದ್ದಾರೆ ಎಂದು ದೂರು ಬರೆಯುವಾಗ ಈ ಪದ ಹಾಕಿದರೆ ಸುಮ್ನೆ ತರಲೆ ಎಂಬಂತೆ ಓದಿಸಿಕೊಳ್ಳಬಹುದು. ಅಲ್ಲಿ ‘ಹರಾಸ್’ (ಕಿರುಕುಳ ಕೊಡು) ಎಂದೇ ಬರೆಯಿರಿ.