ತಾತನ ಬಟವಾಡೆ ಲೆಕ್ಕ: ಆಣೆಯಿಂದ ರಾಗಿಯವರೆಗೆ

ತಾತನ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಾಗ ಓದಿದ ಮೊದಲ ಸಾಲನ್ನೇ ತಪ್ಪಾಗಿ ಓದಿದೆ. 1934ರ ಜುಲೈ ತಿಂಗಳ ಪುಟ ಅದು. "ಬಟವಾಡೆ 12।" ಎಂದು ಬರೆದಿತ್ತು. ನೂರಾ ಇಪ್ಪತ್ತೊಂದು ರೂಪಾಯಿ ಅಂದುಕೊಂಡೆ. ಬೆಂಗಳೂರಿನ ಬಟ್ಟೆ ಗಿರಣಿಯೊಂದರಲ್ಲಿ ನೂಲುವ ವಿಭಾಗದ ಆಳಿಗೆ ಆ ಕಾಲದಲ್ಲಿ ಅಷ್ಟು ಸಂಬಳ ಎಲ್ಲಿಂದ ಬರಬೇಕು? ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಸೋದರತ್ತೆಗೆ ತೋರಿಸಿದೆ. ಅವರಿಗೆ ಈಗ ಎಂಬತ್ತೆಂಟು ವರ್ಷ. ಕನ್ನಡಕ ಏರಿಸಿ ನೋಡಿ, "ಅದು ಒಂದಲ್ಲ ಕಣೋ, ನಾಲ್ಕಾಣೆ ಗೀಟು" ಅಂದರು.

ತಾತ ಓದಿದ್ದು ಹಳ್ಳಿಯ ಕೂಲಿಮಠದಲ್ಲಿ. ಅಲ್ಲಿ ಕಲಿತ ಲೆಕ್ಕದ ಪದ್ಧತಿಯನ್ನೇ ಕೊನೆಯವರೆಗೂ ಬಿಡಲಿಲ್ಲ. ರೂಪಾಯಿ ಅಂಕಿ ಆದ ಮೇಲೆ ನಿಂತ ಗೀಟು ಹಾಕಿದರೆ ಕಾಲು ರೂಪಾಯಿ, ಅಂದರೆ ನಾಲ್ಕಾಣೆ. ಮಲಗಿದ ಗೀಟು ಹಾಕಿದರೆ ಒಂದಾಣೆ. ಎರಡು ನಿಂತು ಎರಡು ಮಲಗಿದರೆ ಹತ್ತಾಣೆ. ಹಾಗಾಗಿ 12। ಅಂದರೆ ಹನ್ನೆರಡು ರೂಪಾಯಿ ನಾಲ್ಕಾಣೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬರುವವರೆಗೆ ಇದೇ ಲೆಕ್ಕ ನಡೆದಿತ್ತು. ನಿಮ್ಮ ಮನೆಯಲ್ಲೂ ಇಂಥ ಪುಸ್ತಕ ಇದ್ದರೆ ಮೊದಲು ಈ ಗೀಟುಗಳನ್ನು ಕಲಿತುಕೊಳ್ಳಿ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ನಾನು ಇತಿಹಾಸ ಓದಿದವನಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಆದರೆ ಒಂದು ಪ್ರಶ್ನೆ ಮಾತ್ರ ಬಿಡದೆ ಕಾಡುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಗಿರಣಿ ಕೆಲಸಗಾರನಿಗೆ ದಿನಕ್ಕೆ ಇಷ್ಟು ಆಣೆ ಸಿಗುತ್ತಿತ್ತು ಅಂತ ಎಲ್ಲರೂ ಬರೆಯುತ್ತಾರೆ. ಅದರಲ್ಲಿ ಮನೆ ತಲುಪಿದ್ದು ಎಷ್ಟು? ನಾಲ್ಕು ವರ್ಷದಿಂದ ಅದರ ಬೆನ್ನು ಹತ್ತಿದ್ದೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಲೆಕ್ಕವನ್ನೇ. ತಾತನ ದರ ದಿನಕ್ಕೆ ಹತ್ತಾಣೆ. 1934ರ ಜುಲೈನಲ್ಲಿ ಐದು ಭಾನುವಾರ. ಉಳಿದದ್ದು 26 ದಿನ. ಹತ್ತಾಣೆಯಂತೆ 260 ಆಣೆ, ಅಂದರೆ 16 ರೂಪಾಯಿ 4 ಆಣೆ. ಪುಸ್ತಕದಲ್ಲಿ ನೋಡಿದರೆ 12 ರೂಪಾಯಿ 4 ಆಣೆ. ನಾಲ್ಕು ರೂಪಾಯಿ ಎಲ್ಲಿ ಹೋಯಿತು?

ಪುಟದ ಎಡಗಡೆ ತಾರೀಖುಗಳ ಸಾಲಿದೆ. ಕೆಲಸ ಮಾಡಿದ ದಿನಕ್ಕೆ ಚುಕ್ಕೆ. ಒಂದು ದಿನ "ಜ್ವರ" ಎಂದು ಬರೆದಿದೆ. ಐದು ದಿನಕ್ಕೆ ಮಾತ್ರ ಪುಟ್ಟ ಸೊನ್ನೆ. ರಜೆ ಇರಬೇಕು ಅಂದುಕೊಂಡು ಮುಂದೆ ಹೋದೆ. ತಿಂಗಳು ತಿಂಗಳೂ ನಾಲ್ಕು, ಆರು, ಒಮ್ಮೊಮ್ಮೆ ಒಂಬತ್ತು ಸೊನ್ನೆ. ಇಷ್ಟೊಂದು ರಜೆ ಹಾಕಲು ತಾತನಿಗೆ ಹೇಗೆ ಸಾಧ್ಯ ಆಗುತ್ತಿತ್ತು? ಮತ್ತೆ ಅತ್ತೆಯ ಹತ್ತಿರ ಹೋದೆ.

"ರಜಾ ಅಲ್ಲ ಅದು. ಗೇಟ್ ತಂಕ ಹೋಗಿ ವಾಪಸ್ ಬಂದಿದ್ದು. ಅಪ್ಪ ಆವಾಗ ಬದ್ಲಿ. ಕೂಗಾಗೋಕ್ ಮುಂಚೆ ಹೋಗಿ ನಿಂತ್ಕೋಬೇಕು. ಯಾರಾದ್ರೂ ಬರ್ಲಿಲ್ಲ ಅಂದ್ರೆ ಮೇಸ್ತ್ರಿ ಒಳಗೆ ಕರೀತಿದ್ದ. ಇಲ್ಲಾಂದ್ರೆ ಬುತ್ತಿ ಹಂಗೇ ಮನೆಗೆ ಬರ್ತಿತ್ತು. ನಾನು ಚಿಕ್ಕೋಳಾಗಿದ್ದಾಗ್ಲೂ ಬರೀತಿದ್ರು ಆ ಸೊನ್ನೆ."

ನನ್ನ ಲೆಕ್ಕದ ದಾರಿಯೇ ಬದಲಾದದ್ದು ಆ ಮಾತಿನಿಂದ. ಕೂಲಿಯ ದರ ಒಂದು, ಕೆಲಸ ಸಿಕ್ಕ ದಿನಗಳು ಇನ್ನೊಂದು. ಬೊಂಬಾಯಿಯ ಗಿರಣಿಗಳಲ್ಲೂ ಬದ್ಲಿಗಳ ದೊಡ್ಡ ಗುಂಪು ಪ್ರತಿದಿನ ಗೇಟಿನ ಮುಂದೆ ನಿಲ್ಲುತ್ತಿತ್ತು. ಅಲ್ಲಿ "ಡಬಲ್ ಖಾಡಾ" ಎಂಬ ಪದ್ಧತಿಯೂ ಇತ್ತು. ಹೇಳದೆ ಒಂದು ದಿನ ತಪ್ಪಿಸಿಕೊಂಡರೆ ಎರಡು ದಿನದ ಕೂಲಿ ಹೋಗುತ್ತಿತ್ತು. ದರದ ಕಾಲಂ ಮಾತ್ರ ನೋಡಿದರೆ ಇದೊಂದೂ ಕಾಣುವುದಿಲ್ಲ.

ಆ ತಿಂಗಳ ಲೆಕ್ಕವನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಕೆಲಸ ಸಿಕ್ಕಿದ್ದು 20 ದಿನ. 200 ಆಣೆ, ಅಂದರೆ 12 ರೂಪಾಯಿ 8 ಆಣೆ. ಅದರಲ್ಲಿ ದಂಡ ನಾಲ್ಕಾಣೆ. ಯಾಕೆ ಅಂತ ಬರೆದಿಲ್ಲ. ಕೈಗೆ ಬಂದದ್ದು 12 ರೂಪಾಯಿ 4 ಆಣೆ. ಅದರ ಕೆಳಗೆ "ಮೇ. ಮಾ." ಎಂದು ಬರೆದು ಎಂಟಾಣೆ ಕಳೆದಿದ್ದಾರೆ. ಬಹಳ ದಿನ ಇದನ್ನು ಮೇ ಮಾಸದ ಬಾಕಿ ಅಂತ ಓದುತ್ತಿದ್ದೆ. ಆದರೆ ಡಿಸೆಂಬರಿನಲ್ಲೂ ಅದೇ, ಮುಂದಿನ ಮಾರ್ಚಿನಲ್ಲೂ ಅದೇ. ಅದು ಮೇಸ್ತ್ರಿ ಮಾಮೂಲು. ಕೆಲಸಕ್ಕೆ ಸೇರಿಸುವವನು, ಬದ್ಲಿಯನ್ನು ಒಳಗೆ ಕರೆಯುವವನು, ತೆಗೆಯುವವನು ಎಲ್ಲ ಮೇಸ್ತ್ರಿಯೇ ಆಗಿದ್ದರೆ ಮಾಮೂಲು ಕೊಡದೆ ಬದುಕುವುದು ಹೇಗೆ? 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ, ಭಾರತದ ಕಾರ್ಮಿಕರ ಸ್ಥಿತಿ ವಿಚಾರಿಸಿದ ವಿಟ್ಲಿ ಆಯೋಗವೂ ಈ ಲಂಚವನ್ನು ಗುರುತಿಸಿತ್ತು. ತಾತ ಅದನ್ನು ಉಪ್ಪು, ಎಣ್ಣೆಯ ಹಾಗೆ ತಿಂಗಳ ಖರ್ಚಿಗೇ ಸೇರಿಸಿಕೊಂಡಿದ್ದರು. ನನಗೆ ಈಗಲೂ ಆ ಎರಡು ಅಕ್ಷರ ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಲ್ಲಿಗೆ ಉಳಿದದ್ದು 11 ರೂಪಾಯಿ 12 ಆಣೆ. ಅದರ ಕೆಳಗೆ ದೊಡ್ಡ ಕಡಿತ: "ಸಾಹುಕಾರ ಬಡ್ಡಿ 2॥". ಎರಡೂವರೆ ರೂಪಾಯಿ.

ಸಾಲ ಮಾಡಿದ್ದು 1929ರ ಜುಲೈನಲ್ಲಿ, ತಂಗಿಯ ಮದುವೆಗೆ. ಅಸಲು 40 ರೂಪಾಯಿ. ಬಡ್ಡಿ ತಿಂಗಳಿಗೆ ರೂಪಾಯಿಗೆ ಒಂದಾಣೆ. ಕೇಳಲು ಎಷ್ಟು ಚಿಕ್ಕದು, ಅಲ್ವಾ? ವರ್ಷಕ್ಕೆ ಹನ್ನೆರಡಾಣೆ ಆಯಿತು, ಅಂದರೆ ನೂರಕ್ಕೆ 75. ತಾತನ ಸಾಹುಕಾರ ಒಬ್ಬನೇ ಹೀಗಿರಲಿಲ್ಲ. ಇದು ಸಾಮಾನ್ಯವಾಗಿ ನಡೆಯುವ ದರ ಅಂತ ವಿಟ್ಲಿ ಆಯೋಗವೇ ಬರೆದಿದೆ. ಹೆಚ್ಚಿನ ಕೈಗಾರಿಕಾ ಊರುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆ ಇಲ್ಲದಷ್ಟು ಕುಟುಂಬಗಳು ಸಾಲದಲ್ಲಿದ್ದವು, ಬಹುಪಾಲು ಜನರ ಸಾಲ ಮೂರು ತಿಂಗಳ ಕೂಲಿಗಿಂತ ಜಾಸ್ತಿ ಇತ್ತು ಅಂತಲೂ ಅದು ಹೇಳಿತು. ತಾತನ ಕೂಲಿ 12 ರೂಪಾಯಿ, ಸಾಲ 40. ಸರಿಯಾಗಿ ಆ ಮಾತಿಗೆ ಹೊಂದುತ್ತದೆ. 1934ರ ಜುಲೈ ಹೊತ್ತಿಗೆ 60 ತಿಂಗಳ ಬಡ್ಡಿ ಅಂತ ಕಟ್ಟಿದ್ದು 150 ರೂಪಾಯಿ. ಅಸಲು ಇನ್ನೂ 40ಕ್ಕೆ 40 ಹಾಗೇ ಇತ್ತು.

ಬಡ್ಡಿ ಕಟ್ಟಿದ ಮೇಲೆ 9 ರೂಪಾಯಿ 4 ಆಣೆ. ದರದ ಲೆಕ್ಕದಲ್ಲಿ 16 ರೂಪಾಯಿ 4 ಆಣೆ ಇದ್ದದ್ದು ಮನೆಗೆ ಬರುವಾಗ ಏಳು ರೂಪಾಯಿ ಕಮ್ಮಿ.

ಇದನ್ನು ಯಾರಿಗೆ ಹೇಳಿದರೂ "ಈಗಿನ ಲೆಕ್ಕದಲ್ಲಿ ಎಷ್ಟಾಗುತ್ತೆ?" ಅಂತ ಕೇಳುತ್ತಾರೆ. ನಾನೂ ಮೊದಲು ಚಿನ್ನದ ಬೆಲೆ ಹಿಡಿದು ಗುಣಿಸಿ ನೋಡಿದ್ದೆ. ಬೇಡ ಅನಿಸಿ ಬಿಟ್ಟೆ. ಆ ಮನೆಯಲ್ಲಿ ಚಿನ್ನ ಕೊಳ್ಳುತ್ತಿರಲಿಲ್ಲ, ರಾಗಿ ಕೊಳ್ಳುತ್ತಿದ್ದರು. ಹಾಗಾಗಿ ರಾಗಿಯಲ್ಲೇ ಅಳೆಯಬೇಕು ಅಂತ ತೀರ್ಮಾನ ಮಾಡಿದೆ.

ಇಲ್ಲಿ ಮೂರು ಕಡೆ ಎಡವಿದೆ. ಬ್ರಿಟಿಷರ ಕಾಲದಲ್ಲಿ ಸರ್ಕಾರ ಕಲ್ಕತ್ತೆಯಿಂದ ಬೆಲೆ ಮತ್ತು ಕೂಲಿಯ ಪಟ್ಟಿಗಳನ್ನು ಅಚ್ಚು ಮಾಡಿಸುತ್ತಿತ್ತು. ಅದರಲ್ಲಿ ಧಾನ್ಯದ ಬೆಲೆಯನ್ನು ಸೇರಿಗೆ ಇಷ್ಟು ಆಣೆ ಅಂತ ಕೊಡುವುದಿಲ್ಲ, ರೂಪಾಯಿಗೆ ಇಷ್ಟು ಸೇರು ಅಂತ ಕೊಡುತ್ತಾರೆ. ಅಂಕಿ ಏರಿದರೆ ಬೆಲೆ ಇಳಿದಿದೆ ಅಂತ ಅರ್ಥ. ಒಂದು ಇಡೀ ವಾರ ನಾನು ಉಲ್ಟಾ ಓದಿದ್ದೆ.

ಎರಡನೆಯದು ಸೇರು. ಸರ್ಕಾರದ ಪಟ್ಟಿಯ ಸೇರು 80 ತೊಲದ ತೂಕ, ಸುಮಾರು 933 ಗ್ರಾಂ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಸುಮಾರು 280 ಗ್ರಾಂ. ತಾತನ ಪುಸ್ತಕದ ಸೇರು ಇವೆರಡೂ ಅಲ್ಲ, ಅದು ಅಳತೆಯ ಸೇರು. ಪುಣ್ಯಕ್ಕೆ ಅತ್ತೆಯ ಮನೆಯಲ್ಲಿ ಆ ಕಾಲದ ಸೇರು, ಪಾವು ಎರಡೂ ಇದ್ದವು. ಸೇರಿನ ಬಾಯಿಯ ಅಂಚು ತಿಕ್ಕಿ ತಿಕ್ಕಿ ತೆಳ್ಳಗಾಗಿದೆ. ಅಡುಗೆಮನೆಯಲ್ಲಿ ಪೇಪರ್ ಹಾಸಿ, ರಾಗಿ ಸುರಿದು, ಅಂಗೈಯಿಂದ ಸವರಿ ಮಟ್ಟ ಮಾಡಿ ತೂಗಿದೆ. ಸುಮಾರು 800 ಗ್ರಾಂ ಬಂತು. ಅತ್ತೆ ನೋಡುತ್ತಿದ್ದವರು, "ಅಂಗಡಿಯೋನು ಹಿಂಗೇ ಸವರ್ತಿದ್ದ. ಮನೇಲಿ ಅಮ್ಮ ಮಾತ್ರ ಗುಡ್ಡೆ ಬರೋ ಹಂಗೆ ಅಳೀತಿದ್ಲು" ಅಂದರು. ಗುಡ್ಡೆ ಬಿಟ್ಟು ಅಳೆದರೆ ತೂಕ ಇನ್ನೂ ಜಾಸ್ತಿ. ಕೊಂಡ ಲೆಕ್ಕ ಬೇಕಾದ್ದರಿಂದ ಅಂಗಡಿಯವನ ಅಳತೆಯನ್ನೇ ಹಿಡಿದೆ.

ಮೂರನೆಯದು ಕೂಲಿಯ ಕಾಲಂ. ಆ ಪಟ್ಟಿಗಳಲ್ಲಿ ಜಿಲ್ಲೆವಾರು ಕೂಲಿಯನ್ನು ಮೂರು ತರಹದ ಜನರಿಗೆ ಕೊಡುತ್ತಿದ್ದರು. ಗಟ್ಟಿಮುಟ್ಟಾದ ಬೇಸಾಯದ ಆಳು, ಕುದುರೆ ನೋಡಿಕೊಳ್ಳುವವ, ಮತ್ತೆ ಗಾರೆ ಕೆಲಸದವ, ಬಡಗಿ, ಕಮ್ಮಾರ ಎಲ್ಲರೂ ಸೇರಿ ಒಂದೇ ಕಾಲಂ. ಗಿರಣಿ ಆಳನ್ನು ಇವರಲ್ಲಿ ಯಾರ ಜೊತೆಗೂ ಸುಮ್ನೆ ಹೋಲಿಸಲು ಬರುವುದಿಲ್ಲ. ಆದ್ದರಿಂದ ಬೆಲೆಗೂ ಕೂಲಿಗೂ ತಾತನ ಪುಸ್ತಕವೇ ಆಧಾರ ಅಂತ ಇಟ್ಟುಕೊಂಡು, ಸರ್ಕಾರದ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಲು ಮಾತ್ರ ಬಳಸಿದೆ.

ಕಾಯಿದೆ ವಿಷಯದಲ್ಲೂ ಎಚ್ಚರ ಬೇಕು. 1881ರ ಫ್ಯಾಕ್ಟರಿ ಕಾಯಿದೆ ಏಳು ವರ್ಷದೊಳಗಿನ ಮಕ್ಕಳನ್ನು ಮಾತ್ರ ತಡೆಯಿತು. 1922ರದ್ದು ದೊಡ್ಡವರಿಗೆ ವಾರಕ್ಕೆ 60 ಗಂಟೆ ಮಿತಿ ಹಾಕಿತು, 1934ರದ್ದು ವರ್ಷವಿಡೀ ನಡೆಯುವ ಫ್ಯಾಕ್ಟರಿಗಳಿಗೆ 54 ಗಂಟೆ. 1936ರ ಕೂಲಿ ಪಾವತಿ ಕಾಯಿದೆ ದಂಡ ರೂಪಾಯಿಗೆ ಅರ್ಧ ಆಣೆ ದಾಟಬಾರದು ಅಂದಿತು. ಇವನ್ನೆಲ್ಲ ತಾತನ ತಿಂಗಳುಗಳ ಪಕ್ಕ ಬರೆದಿಟ್ಟುಕೊಂಡಿದ್ದೆ. ಆಮೇಲೆ ಹೊಳೆಯಿತು, ಇವು ಬ್ರಿಟಿಷ್ ಇಂಡಿಯಾದ ಕಾಯಿದೆಗಳು. ಬೆಂಗಳೂರು ಪೇಟೆ ಮೈಸೂರು ಸಂಸ್ಥಾನದಲ್ಲಿತ್ತು. ದಂಡು ಪ್ರದೇಶ ಮಾತ್ರ ಬ್ರಿಟಿಷರ ಆಡಳಿತದಲ್ಲಿತ್ತು. ಹುಬ್ಬಳ್ಳಿ, ಗೋಕಾಕಿನವರು ಬೊಂಬಾಯಿ ಪ್ರಾಂತ್ಯದವರು, ಮಂಗಳೂರಿನ ಹೆಂಚಿನ ಕಾರ್ಖಾನೆಯವರು ಮದ್ರಾಸಿನವರು. ನಿಮ್ಮ ಹಿರಿಯರು ಯಾವ ಊರಲ್ಲಿ ದುಡಿದರು ಅಂತ ನೋಡಿಕೊಂಡು ಆಮೇಲೆ ಕಾಯಿದೆ ಹುಡುಕಿ.

ಈಗ ರಾಗಿ ಲೆಕ್ಕಕ್ಕೆ ಬರೋಣ. 1934ರಲ್ಲಿ ತಾತ ರೂಪಾಯಿಗೆ 12 ಸೇರಿನಂತೆ ರಾಗಿ ಕೊಂಡಿದ್ದಾರೆ. ಮನೆಯಲ್ಲಿ ಆರು ಜನ, ಅವರಲ್ಲಿ ಮೂವರು ಮಕ್ಕಳು. ದಿನಕ್ಕೆ ಒಂದೂವರೆ ಸೇರು, ತಿಂಗಳಿಗೆ 45 ಸೇರು. ಅದಕ್ಕೆ 3 ರೂಪಾಯಿ 12 ಆಣೆ. ಮನೆ ಬಾಡಿಗೆ ಒಂದೂವರೆ ರೂಪಾಯಿ. 9 ರೂಪಾಯಿ 4 ಆಣೆಯಲ್ಲಿ ಇವೆರಡು ಕಳೆದರೆ ನಾಲ್ಕೇ ರೂಪಾಯಿ. ಬೇಳೆ, ಉಪ್ಪು, ಸೀಮೆಎಣ್ಣೆ, ಸೌದೆ, ಬಟ್ಟೆ, ಔಷಧಿ, ಹಬ್ಬ ಎಲ್ಲ ಅದರಲ್ಲೇ ಆಗಬೇಕು.

1929ರ ಪುಟ ತೆಗೆದರೆ ರೂಪಾಯಿಗೆ 8 ಸೇರು ರಾಗಿ. ಆಮೇಲೆ ಜಗತ್ತಿನೆಲ್ಲೆಡೆ ಬೆಲೆ ಕುಸಿಯಿತು, ನಮ್ಮಲ್ಲೂ ಧಾನ್ಯ ಅಗ್ಗವಾಯಿತು. ದರ ಹತ್ತಾಣೆಯೇ ಇದ್ದು ರಾಗಿ ಅಗ್ಗವಾದರೆ ಕೆಲಸಗಾರ ಸುಖವಾಗಿದ್ದ ಅಂತ ಕಾಗದದ ಮೇಲೆ ಕಾಣುತ್ತದೆ. ಬಡ್ಡಿಯನ್ನೂ ರಾಗಿಗೆ ತಿರುಗಿಸಿ ನೋಡಿ. 1929ರಲ್ಲಿ ಎರಡೂವರೆ ರೂಪಾಯಿ ಅಂದರೆ 20 ಸೇರು. 1934ರಲ್ಲಿ ಅದೇ ಎರಡೂವರೆ ರೂಪಾಯಿಗೆ 30 ಸೇರು. ರಾಗಿ ಅಗ್ಗವಾದಷ್ಟೂ ಸಾಹುಕಾರನ ಪಾಲು ದೊಡ್ಡದಾಯಿತು. ಅದೇ ವರ್ಷಗಳಲ್ಲೇ ಸೊನ್ನೆಗಳೂ ಜಾಸ್ತಿ. ಆ ರಾತ್ರಿ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಅಜ್ಜಿಯ ಲೆಕ್ಕ ಮಾತ್ರ ಸಿಗಲಿಲ್ಲ. ಅವರೂ ನೂಲು ಸುತ್ತುವ ಕಡೆ ಕೆಲವು ವರ್ಷ ದುಡಿದರು, ಆಮೇಲೆ ಮನೆಯಲ್ಲೇ ಊದುಬತ್ತಿ ಹೊಸೆದರು. ಪುಸ್ತಕದಲ್ಲಿ ಅವರಿಗೆ ಒಂದು ಪುಟವೂ ಇಲ್ಲ. ಆದರೆ ಸೊನ್ನೆ ಜಾಸ್ತಿ ಇರುವ ತಿಂಗಳಲ್ಲೂ ರಾಗಿ 45 ಸೇರೇ ಬಂದಿದೆ. ತಾತನ ಹಣದಲ್ಲಿ ಅದು ಆಗುವ ಹಾಗಿಲ್ಲ. ಅಂಥ ತಿಂಗಳುಗಳಲ್ಲಿ ಎಷ್ಟು ಕಡಿಮೆ ಬೀಳುತ್ತದೋ ಅಷ್ಟನ್ನು ಈಗ ಅಜ್ಜಿಯ ಹೆಸರಿನಲ್ಲಿ ಬೇರೆ ಕಾಲಂ ಹಾಕಿ ಬರೆಯುತ್ತಿದ್ದೇನೆ.

ಪುಸ್ತಕ 1943ರ ಕೊನೆಗೆ ಮುಗಿಯುತ್ತದೆ. ಯುದ್ಧ ಶುರುವಾದ ಮೇಲಿನ ಪುಟಗಳಲ್ಲಿ ರಾಗಿ ಬೆಲೆ ಏರುತ್ತಾ ಹೋಗುತ್ತದೆ, "ತುಟ್ಟಿ ಭತ್ಯೆ" ಎಂಬ ಹೊಸ ಸಾಲು ಬರುತ್ತದೆ, ಸೊನ್ನೆಗಳು ನಿಲ್ಲುತ್ತವೆ. ಗಿರಣಿಗೆ ಆಗ ರಾತ್ರಿ ಹಗಲು ಆಳು ಬೇಕಿತ್ತು. ಅಕ್ಟೋಬರ್ ಪುಟದಲ್ಲಿ "ಸಾಹುಕಾರ ಅಸಲು 40 ಚುಕ್ತಾ" ಎಂದು ಬರೆದು ಕೆಳಗೆ ಎರಡು ಸಲ ಗೆರೆ ಎಳೆದಿದ್ದಾರೆ. ಅದರ ಮುಂದಿನ ಸಾಲು: "ಬೆಲ್ಲ 2 ಅಚ್ಚು. ಬೇಳೆ."

ಅತ್ತೆಗೆ ಆಗ ಆರು ವರ್ಷ. ಆ ಸಾಲು ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಬ್ಬ ಇಲ್ದೆ ಒಂದಿನ ಒಬ್ಬಟ್ಟು ಮಾಡಿದ್ರು. ಯಾಕಮ್ಮ ಅಂತ ಕೇಳಿದ್ರೆ ಯಾರೂ ಹೇಳ್ಲಿಲ್ಲ" ಅಂದರು.