ಗೇಟ್ ಪಾಸಾದರೆ ಸಾಕು: ಸ್ಟೈಪೆಂಡ್ ಮೇಲೆ ಪವರ್ ಎಲೆಕ್ಟ್ರಾನಿಕ್ಸ್ ಓದಿದ ನನ್ನ ಅನುಭವ

ಎಂ.ಟೆಕ್ ಮಾಡಿದರೆ ಪವರ್ ಎಲೆಕ್ಟ್ರಾನಿಕ್ಸ್‌ನಲ್ಲೇ ಅಂತ ಬಿ.ಇ. ಓದುವಾಗಲೇ ತೀರ್ಮಾನ ಮಾಡಿದ್ದೆ. ವಿದ್ಯುತ್ತನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಸರ್ಕ್ಯೂಟ್‌ಗಳ ವಿಷಯ ಅದು. ಮನೆಯಲ್ಲಿ ಬೇಡ ಅನ್ನಲಿಲ್ಲ. "ಓದಪ್ಪಾ, ಆದ್ರೆ ಇನ್ನೊಂದು ಸಾಲ ಮಾಡೋಕೆ ನನ್ನ ಕೈಲಾಗಲ್ಲ" ಅಂದರು ಅಪ್ಪ. ಬಿ.ಇ.ಗೆ ತೆಗೆದ ಸಾಲವೇ ಇನ್ನೂ ಬಾಕಿ ಇತ್ತು.

ಮೊದಲು ಈ ವಿಷಯಕ್ಕೆಂದೇ ಇರುವ ಸ್ಕಾಲರ್‌ಶಿಪ್ ಹುಡುಕಿದೆ. ಐಟ್ರಿಪಲ್‌ಇ ಪವರ್ ಅಂಡ್ ಎನರ್ಜಿ ಸೊಸೈಟಿ ಎಂಬ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಘದ ಹೆಸರು ಸಿಕ್ಕಿತು. ಅದರ ದೊಡ್ಡ ಯೋಜನೆ ಅಮೆರಿಕ, ಕೆನಡಾ ಕಡೆಯ ಪದವಿ ವಿದ್ಯಾರ್ಥಿಗಳಿಗೆ. ಕೊನೆಗೆ ಕೈಗೆಟುಕಿದ್ದು ಗೇಟ್, ಅಂದರೆ ಎಂ.ಟೆಕ್ ಪ್ರವೇಶಕ್ಕೆ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆ. ಗೇಟ್ ಅರ್ಹತೆಯ ಮೇಲೆ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಕೊಡುವ ಪಿಜಿ ಸ್ಕಾಲರ್‌ಶಿಪ್ ತಿಂಗಳಿಗೆ 12,400 ರೂಪಾಯಿ, ಹೆಚ್ಚೆಂದರೆ 24 ತಿಂಗಳು. ಒಟ್ಟು 2,97,600 ರೂಪಾಯಿ. ಇದಕ್ಕೆ ಮನೆಯ ಆದಾಯದ ಮಿತಿ ಇಲ್ಲ.

ನಮ್ಮ ಕಡೆ ತುಂಬಾ ಹುಡುಗರಿಗೆ ಒಂದು ವಿಷಯ ಗೊತ್ತೇ ಇರುವುದಿಲ್ಲ. ಐಐಟಿ, ಐಐಎಸ್‌ಸಿ ಸೀಟಿಗೆ ರ‍್ಯಾಂಕ್ ಬೇಕು, ನಿಜ. ಆದರೆ ಸ್ಟೈಪೆಂಡ್‌ಗೆ ಕ್ವಾಲಿಫೈ ಆದರೆ ಸಾಕು. "ರ‍್ಯಾಂಕ್ ಬರಲ್ಲ, ಸುಮ್ನೆ ಯಾಕೆ ಬರೆಯೋದು" ಅಂತ ಗೇಟ್ ಅರ್ಜಿಯನ್ನೇ ಹಾಕದ ಗೆಳೆಯರು ಅದೇ ಎಂ.ಟೆಕ್‌ಗೆ ಪಿಜಿಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಬರೆದು ಬಂದರು. ಅದೇ ಕ್ಲಾಸು, ಅದೇ ಲ್ಯಾಬು, ತಿಂಗಳ ಹಣ ಮಾತ್ರ ಇಲ್ಲ.

ಹಾಗಾಗಿ ಕಟ್‌ಆಫ್ (ಅರ್ಹತೆಗೆ ಬೇಕಾದ ಕನಿಷ್ಠ ಅಂಕ) ದಾಟುವುದನ್ನೇ ಗುರಿ ಮಾಡಿಕೊಂಡು ಓದಿದೆ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಎಲೆಕ್ಟ್ರಿಕಲ್ ಪೇಪರ್‌ನ ಸಾಮಾನ್ಯ ವರ್ಗದ ಕಟ್‌ಆಫ್ ಈಚಿನ ವರ್ಷಗಳಲ್ಲಿ 25ರಿಂದ 40ರ ನಡುವೆ ಓಡಾಡಿದೆ. ಜನರಲ್ ಆಪ್ಟಿಟ್ಯೂಡ್‌ಗೇ 15 ಅಂಕ, ಗಣಿತಕ್ಕೆ ಸುಮಾರು 13. ಈ ಎರಡನ್ನೂ ಗಟ್ಟಿ ಮಾಡಿಕೊಂಡೆ. ಆಮೇಲೆ ನೆಟ್‌ವರ್ಕ್ಸ್, ಮಷೀನ್ಸ್, ಕಂಟ್ರೋಲ್ ಸಿಸ್ಟಮ್ಸ್. ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಕಡೆ ಜಾಸ್ತಿ ತಲೆ ಹಾಕಲೇ ಇಲ್ಲ. ಉತ್ತರದ ಸಂಖ್ಯೆಯನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ನೆಗೆಟಿವ್ ಮಾರ್ಕ್ ಇಲ್ಲ, ಅಂಥದ್ದೊಂದನ್ನೂ ಖಾಲಿ ಬಿಡಲಿಲ್ಲ. ಕೋಚಿಂಗ್‌ಗೆ ದುಡ್ಡಿರಲಿಲ್ಲ. ಎನ್‌ಪಿಟಿಇಎಲ್ ಎಂಬ ಐಐಟಿಗಳ ಆನ್‌ಲೈನ್ ಪಾಠಗಳು ಪುಕ್ಕಟೆ ಸಿಗುತ್ತವೆ, ಅದರ ಜೊತೆಗೆ ಹಳೇ ಪ್ರಶ್ನೆಪತ್ರಿಕೆಗಳು. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮೀಡಿಯಂ ಓದಿದ ನನಗೆ ಆಪ್ಟಿಟ್ಯೂಡ್‌ನ ಇಂಗ್ಲಿಷ್ ಸ್ವಲ್ಪ ಕಾಡಿತು, ಅಷ್ಟೇ.

ಪರೀಕ್ಷೆಗಿಂತ ತಲೆನೋವು ಕೊಟ್ಟದ್ದು ಕಾಗದಪತ್ರ. ಸ್ಟೈಪೆಂಡ್ ತಾನಾಗಿ ಬರುವುದಿಲ್ಲ. ಅಡ್ಮಿಷನ್ ಆಗುವ ಹೊತ್ತಿಗೆ ಗೇಟ್ ಸ್ಕೋರ್‌ಕಾರ್ಡ್ ಚಾಲ್ತಿಯಲ್ಲಿರಬೇಕು. ಫಲಿತಾಂಶ ಬಂದ ದಿನದಿಂದ ಮೂರು ವರ್ಷ ಅದರ ಆಯುಷ್ಯ. ಕೋರ್ಸ್ ಫುಲ್‌ಟೈಮ್ ಆಗಿರಬೇಕು, ಎಐಸಿಟಿಇ ಮಾನ್ಯತೆ ಇರಬೇಕು. ಎಐಸಿಟಿಇ ಪೋರ್ಟಲ್‌ನಲ್ಲಿ ಮೊದಲು ಕಾಲೇಜು ನಮ್ಮ ಹೆಸರಿಗೆ ಐಡಿ ಮಾಡಿಕೊಡಬೇಕು, ಆಮೇಲೆ ನಾವು ದಾಖಲೆ ಹಾಕಬೇಕು, ಮತ್ತೆ ಕಾಲೇಜೇ ಅದನ್ನು ಪರಿಶೀಲಿಸಿ ಒಪ್ಪಬೇಕು. ಹಾಗಾಗಿ ಸೀಟು ತಗೊಳ್ಳುವ ಮೊದಲೇ ಆಫೀಸಿನಲ್ಲಿ ಕೇಳಿದೆ: "ಸರ್, ಹೋದ ವರ್ಷ ನಿಮ್ಮಲ್ಲಿ ಯಾರಿಗಾದ್ರೂ ಗೇಟ್ ಸ್ಟೈಪೆಂಡ್ ಬಂದಿದೆಯಾ?" ಒಂದು ಕಾಲೇಜಿನವರಿಗೆ ನಾನು ಏನು ಕೇಳುತ್ತಿದ್ದೇನೆ ಅಂತಲೇ ಅರ್ಥವಾಗಲಿಲ್ಲ. ಅಲ್ಲಿಗೆ ಸೇರಲಿಲ್ಲ.

ಇನ್ನು ಹೆಸರಿನ ಗೋಳು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಕಾರ್ಡ್‌ನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಬುಕ್‌ನಲ್ಲಿ ಊರಿನ ಹೆಸರೂ ಸೇರಿರುತ್ತದೆ ಅಲ್ವಾ? ಇದನ್ನು ಗೇಟ್ ಅರ್ಜಿ ಹಾಕುವ ಮೊದಲೇ ಸರಿಮಾಡಿಸಿದ್ದು ಒಳ್ಳೆಯದಾಯಿತು. ಖಾತೆಯೂ ಮಾಮೂಲಿ ಉಳಿತಾಯ ಖಾತೆಯೇ ಆಗಿರಬೇಕು, ಆಧಾರ್ ಜೋಡಣೆಯಾಗಿರಬೇಕು. ಜನಧನ್ ಖಾತೆ, ಜಂಟಿ ಖಾತೆ ನಡೆಯುವುದಿಲ್ಲ. ಒಬಿಸಿ ಗೆಳೆಯನೊಬ್ಬ ಕೆನೆಪದರದಲ್ಲಿಲ್ಲ ಎಂಬ ಪ್ರಮಾಣಪತ್ರವನ್ನು ಹೊಸದಾಗಿ ಮಾಡಿಸಲು ತಾಲ್ಲೂಕು ಕಚೇರಿಗೆ ಅಲೆದ.

ಮೊದಲ ಕಂತು ಬಂದದ್ದು ತಡವಾಗಿ, ಹಲವು ತಿಂಗಳದ್ದು ಒಟ್ಟಿಗೆ. ಅಲ್ಲಿಯವರೆಗಿನ ಹಾಸ್ಟೆಲ್, ಮೆಸ್ ಖರ್ಚಿಗೆ ಬೇಸಿಗೆಯಲ್ಲಿ ಟ್ಯೂಷನ್ ಹೇಳಿ ಕೂಡಿಟ್ಟ ಹಣ ಆಯಿತು. ಕಾಲೇಜು ಪ್ರತಿ ತಿಂಗಳೂ ನಮ್ಮ ಹಾಜರಿಯನ್ನು ಪೋರ್ಟಲ್‌ನಲ್ಲಿ ಖಚಿತಪಡಿಸಿದರೆ ಮಾತ್ರ ಆ ತಿಂಗಳ ಹಣ. ತಿಂಗಳ ಮೊದಲ ವಾರ ಕ್ಲರ್ಕ್ ಮೇಡಂ ಮೇಜಿನ ಹತ್ತಿರ ಹೋಗಿ ನಿಲ್ಲುವುದು ನನಗೆ ಅಭ್ಯಾಸವೇ ಆಗಿಹೋಯಿತು. ಈ ಸ್ಟೈಪೆಂಡ್ ತಗೊಂಡ ಮೇಲೆ ಬೇರೆ ಸ್ಕಾಲರ್‌ಶಿಪ್, ಸಂಬಳ ಏನನ್ನೂ ತಗೊಳ್ಳುವಂತಿಲ್ಲ. ಹಾಗಾಗಿ ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿಯ ಆಸೆ ಬಿಟ್ಟೆ.

ಹಣಕ್ಕೆ ಪ್ರತಿಯಾಗಿ ವಾರಕ್ಕೆ 8ರಿಂದ 10 ಗಂಟೆ ಬೋಧನಾ ಸಹಾಯಕನ ಕೆಲಸ. ನನಗೆ ಸಿಕ್ಕಿದ್ದು ಬಿ.ಇ. ಹುಡುಗರ ಮಷೀನ್ಸ್ ಲ್ಯಾಬ್. ಟ್ರಾನ್ಸ್‌ಫಾರ್ಮರ್‌ನ ಓಪನ್ ಸರ್ಕ್ಯೂಟ್ ಟೆಸ್ಟ್ ಯಾಕೆ ರೇಟೆಡ್ ವೋಲ್ಟೇಜ್‌ನಲ್ಲೇ ಮಾಡಬೇಕು ಅಂತ ನನಗೆ ನೆಟ್ಟಗೆ ಅರ್ಥವಾದದ್ದು ಅದನ್ನು ಅವರಿಗೆ ವಿವರಿಸುವಾಗಲೇ. ಸ್ಟೈಪೆಂಡ್‌ನ ದೊಡ್ಡ ಪಾಲು ನುಂಗಿದ್ದು ಮಾತ್ರ ಪ್ರಾಜೆಕ್ಟ್. ಡಿಸಿ-ಡಿಸಿ ಕನ್ವರ್ಟರ್ ಕಟ್ಟುವವರ ಮಾಸ್ಫೆಟ್‌ಗಳು (ಸ್ವಿಚ್ ಆಗಿ ಬಳಸುವ ಟ್ರಾನ್ಸಿಸ್ಟರ್) ಎಷ್ಟು ಬೇಗ ಸುಡುತ್ತವೆ ಅಂತ ಗೊತ್ತಿದ್ದವರಿಗೇ ಗೊತ್ತು. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದಾಗಲೆಲ್ಲ ಗೇಟ್ ಡ್ರೈವರ್ (ಮಾಸ್ಫೆಟ್ ನಡೆಸುವ ಚಿಪ್), ಫೆರೈಟ್ ಕೋರ್ ಅಂತ ಜೇಬು ಖಾಲಿ.

ಗೇಟ್ ಅಂಕದ ಮೇಲೆ ಸರ್ಕಾರಿ ವಿದ್ಯುತ್ ಕಂಪನಿಗಳೂ ನೇಮಕ ಮಾಡಿಕೊಳ್ಳುವುದರಿಂದ ಒಳ್ಳೆಯ ಸ್ಕೋರ್ ಇದ್ದ ಗೆಳೆಯನೊಬ್ಬ ಕೋರ್ಸ್ ಅರ್ಧಕ್ಕೇ ಬಿಟ್ಟು ಹೋದ. ನಾನು ಮುಗಿಸಿದೆ. 24 ತಿಂಗಳು ತುಂಬಿದ ಮೇಲೆ ಥೀಸಿಸ್ ಬಾಕಿ ಇದ್ದರೂ ಹಣ ನಿಲ್ಲುತ್ತದೆ. ವೈವಾ ಮುಂದಕ್ಕೆ ಹೋದರೆ ಊಟಕ್ಕೆ ಇರಲಿ ಅಂತ ಕೊನೆಯ ಸೆಮಿಸ್ಟರ್‌ನ ಕಂತುಗಳಲ್ಲಿ ಸ್ವಲ್ಪ ಎತ್ತಿಟ್ಟಿದ್ದೆ.